ಕಾಂಗರೂ ಪಾಪ, ಕೋಳಿ?

ಆಸ್ಟ್ರೇಲಿಯಾಕ್ಕೆ ಆನ್‌ಸೈಟ್ ಹೋಗಿಬಂದ ನಮ್ಮವರು ಹೇಳೋ ಕತೆಗಳಲ್ಲಿ ಒಂದು ಗ್ಯಾರಂಟಿ: "ಕಾಂಗರೂ ಟ್ರೈ ಮಾಡಿದೆ ಮಗಾ." ಇಲ್ಲಾಂದ್ರೆ ಅದರ ಉಲ್ಟಾ: "ಛೇ, ಅಷ್ಟು ಮುದ್ದಾದ ಪ್ರಾಣೀನ ಹೇಗೆ ತಿಂತಾರೋ!" ಈ ಎರಡನೇ ಮಾತು ಹೇಳಿದ ನನ್ನ ಸಹೋದ್ಯೋಗಿಯ ತಟ್ಟೆಯಲ್ಲಿ ಆಗ ಚಿಕನ್ ಕಬಾಬ್ ಇತ್ತು.

ಸಿಡ್ನಿಯಲ್ಲಿದ್ದಾಗ ನಾನೂ ಹಲವು ಸಲ ತಿಂದಿದ್ದೀನಿ. ಲೆಕ್ಕ ಹಾಕಿದರೆ ಕಾಂಗರೂ ಪಕ್ಷವೇ ಗಟ್ಟಿ. ಬ್ರಾಯ್ಲರ್ ಕೋಳಿಯ ಆಯಸ್ಸು ಶೆಡ್ಡಿನೊಳಗೆ ಆರು ವಾರ. ಕಾಂಗರೂವನ್ನು ಮಾಂಸಕ್ಕಾಗಿ ಸಾಕುವುದಿಲ್ಲ. ಬಯಲಲ್ಲಿ ಮೇಯ್ದು ಬದುಕಿದ್ದು ಒಂದು ರಾತ್ರಿ ಲೈಸೆನ್ಸ್ ಇರುವವನ ಗುಂಡಿಗೆ ಬೀಳುತ್ತೆ. ಗುಂಡು ತಲೆಗೇ ಹೊಡೀಬೇಕು ಅಂತ ನಿಯಮ. ವರ್ಷಕ್ಕೆ ಎಷ್ಟು ಅನ್ನೋದಕ್ಕೂ ಮಿತಿಯಿದೆ.

ಇದನ್ನೆಲ್ಲ ಫೋನಿನಲ್ಲಿ ಹೇಳಿದಾಗ ಅಪ್ಪ ಕೇಳಿದ್ದು ಒಂದೇ: "ಅದೂ ಗದ್ದೆಗೆ ನುಗ್ತದಾ?" ನುಗ್ಗುತ್ತೆ, ಕುರಿಯ ಹುಲ್ಲನ್ನೂ ರೈತನ ಬೆಳೆಯನ್ನೂ ಮೇಯುತ್ತೆ. "ಹಂಗಾದ್ರೆ ಸರಿ ಬಿಡು" ಅಂದರು. ನಮ್ಮ ಮಲೆನಾಡಲ್ಲಿ ಕಾಡುಹಂದಿ ಒಂದೇ ರಾತ್ರಿಗೆ ಗದ್ದೆಯನ್ನು ಉತ್ತಿಟ್ಟ ಹಾಗೆ ಮಾಡಿ ಹೋಗುತ್ತೆ. ಹೊಡೆದು ತಿಂದರೆ 1972ರ ವನ್ಯಜೀವಿ ಕಾಯ್ದೆಯಲ್ಲಿ ಕೇಸು. ಕಾಯ್ದೆ ಬೇಡ ಅನ್ನುವವನಲ್ಲ ನಾನು, ಅದಿಲ್ಲದಿದ್ದರೆ ಕಾಡಲ್ಲಿ ಏನು ಉಳೀತಿತ್ತೋ. ಆದರೆ ಊರವರು ಹಂದಿ ಹೊಡೆದ ಸುದ್ದಿಗೆ ಮೂಗು ಮುರಿಯುವವರೇ ಅಲ್ಲಿ ಹೋಗಿ ಮೆನುವಿನಲ್ಲಿ ಮೊಸಳೆ ಹುಡುಕುತ್ತಾರಲ್ಲ!

ನನಗೆ ಕಸಿವಿಸಿ ಆಗೋದು ಆ 'ಟ್ರೈ' ಅನ್ನೋ ಪದಕ್ಕೆ. ಒಂದು ತುಂಡು ಬಾಯಿಗಿಟ್ಟು, ಫೋಟೋ ಹೊಡೆದು, ಉಳಿದದ್ದನ್ನು ತಟ್ಟೆಯಲ್ಲೇ ಬಿಟ್ಟು ಏಳುತ್ತಾರೆ. ಅಜ್ಜನ ಕಾಲದಲ್ಲಿ ಶಿಕಾರಿಯಾದರೆ ಪಾಲು ಹಾಕಿ ಮನೆಮನೆಗೆ ಹಂಚುತ್ತಿದ್ದರಂತೆ, ಮೂಳೆಯೂ ಸಾರಿಗೆ ಹೋಗ್ತಿತ್ತಂತೆ.

ಆ ಬಿಟ್ಟುಹೋದ ತುಂಡಿನ ಹಿಂದೆ ಏನಿದೆ ಗೊತ್ತಾ? ಹೆಣ್ಣು ಕಾಂಗರೂ ಹೊಡೆದರೆ ಬೇಟೆಗಾರ ಅದರ ಹೊಟ್ಟೆಚೀಲ ತಡಕಿ ನೋಡಬೇಕು. ಮರಿ ಇದ್ದರೆ ಅದನ್ನೂ ಅಲ್ಲೇ ಕೊಲ್ಲಬೇಕು. ತಾಯಿಯಿಲ್ಲದೆ ನರಳಿ ಸಾಯಬಾರದು ಅಂತ ಮಾಡಿದ ನಿಯಮ. ದಯೆಯೇ, ಆದರೂ ಓದಿದ ದಿನ ಊಟ ಸೇರಲಿಲ್ಲ. ಕೆಲವು ಕಂಪನಿಗಳು ಗಂಡನ್ನಷ್ಟೇ ಕೊಳ್ಳುತ್ತವೆ. ಯಾವ ಕಂಪನಿ ಅಂತ ಟ್ರೈ ಮಾಡುವವನು ಯಾಕೆ ಕೇಳ್ತಾನೆ? ನಾಳೆ ಅವನಿಗೆ ಎಮು ಇದೆ. ವಾರವಾರ ತಿನ್ನುವವನೇ ಕೇಳಬೇಕು.

ನಾನು ಕೇಳಿದೆ. ಅಂಗಡಿಯ ಹುಡುಗ ಪ್ಯಾಕೆಟ್ ತಿರುಗಿಸಿ ತಿರುಗಿಸಿ ನೋಡಿ, ಗೊತ್ತಿಲ್ಲ ಅಂದ. ಆ ವಾರ ಬೇಳೆಸಾರು.