ಇಂದಿನ ಧಮ್ಮ ಚಿಂತನೆ: ಎರಡನೆಯ ಶೀಲ ಮತ್ತು ನನ್ನ ಜರೀಗಿಡ



ಮೂರು ವರ್ಷದ ಹಿಂದೆ ಮಡಿಕೇರಿ ಕಡೆಯ ಕಾಫಿ ತೋಟವೊಂದರ ಹಳ್ಳದ ದಂಡೆಯಿಂದ, ಮರದಷ್ಟು ಎತ್ತರ ಬೆಳೆಯುವ ಜರೀಗಿಡವೊಂದನ್ನು ಅಗೆದು ಮೈಸೂರಿನ ಮನೆಯಂಗಳಕ್ಕೆ ತಂದೆ. ಆಗಲೇ ನನ್ನ ಸೊಂಟದೆತ್ತರ ಇತ್ತು. ತೋಟದ ಯಜಮಾನರು “ಒಯ್ಯಿರಿ, ಕಾಡುಗಿಡ ತಾನೆ” ಎಂದಿದ್ದರು. ಕೊಟ್ಟದ್ದನ್ನು ತಂದರೆ ಅದಿನ್ನಾದಾನ ಹೇಗಾದೀತು ಎಂದು ನಿಶ್ಚಿಂತೆಯಿಂದಿದ್ದೆ.

ಇದರ ಕಾಂಡ ನೋಡಲು ಮರದಂತೆ. ಹೊರಮೈಯೆಲ್ಲ ಬೇರುಗಳ ಹೆಣಿಗೆ. ಬುಡಕ್ಕಷ್ಟೇ ನೀರೆರೆದರೆ ಸಾಲದು, ಮೈಯನ್ನೂ ತೋಯಿಸಬೇಕು. ಅಲ್ಲಿ ಮಂಜು ತೋಯಿಸುತ್ತಿತ್ತು. ಇಲ್ಲಿ ಮಾರ್ಚ್ ಬಂತೆಂದರೆ ಗರಿಗಳ ಅಂಚು ಸುಟ್ಟುಹೋಗುತ್ತದೆ. ನಲ್ಲಿ ಬಾರದ ದಿನವೂ ಎರಡು ಹೊತ್ತು ನೀರು ಚಿಮುಕಿಸುತ್ತೇನೆ. (ಮನೆಯವಳು ಗೊಣಗುತ್ತಾಳೆ, ನ್ಯಾಯವೇ.) ನೋಡಿದವರು “ಗಿಡದ ಮೇಲೂ ಎಂಥ ಮೈತ್ರಿ!” ಎಂದಾಗ ತಲೆ ತಗ್ಗಿಸುತ್ತೇನೆ. ಯಜಮಾನರು ಕೊಟ್ಟರು, ನಿಜ. ಅದರ ಮೈಮೇಲಿನ ಪಾಚಿಯನ್ನು, ನೆರಳಲ್ಲಿದ್ದ ಕಪ್ಪೆಯನ್ನು ಯಾರು ಕೇಳಿದ್ದರು?

ಇದಕ್ಕೆ ಹೂವಿಲ್ಲ, ಬೀಜವಿಲ್ಲ. ಎಲೆಯ ಹಿಂದಿನ ಪುಡಿಯೇ ಸಂತಾನ. ಅದನ್ನು ಒದ್ದೆ ಮಣ್ಣಿನ ತಟ್ಟೆಗೆ ಉದುರಿಸಿದ್ದೆ, ಹಸಿರು ಚುಕ್ಕಿಗಳು ಮೂಡಿವೆ. ಬದುಕಿದರೆ ಸಸಿಗಳನ್ನು ಆ ಹಳ್ಳಕ್ಕೇ ಒಯ್ಯುವೆ. ಅವು ಸೊಂಟದೆತ್ತರ ಬರಲು ಎಷ್ಟೋ ವರ್ಷ ಬೇಕು, ನನಗೀಗ 71.