ಸೊನ್ನೆಯಿಂದ ಮೂರರವರೆಗೆ

ಮನೋವಿಜ್ಞಾನದ ಎಂ.ಎ. ತರಗತಿಯಲ್ಲಿ ನಮ್ಮ ಜಿಲ್ಲೆಯ ಹೆಸರು ಬಂದದ್ದು ಒಂದೇ ಕಡೆ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯನ್ನು ಆಯ್ದುಕೊಂಡು, ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮಾನಸಿಕ ಕಾಯಿಲೆಗಳನ್ನು ಗುರುತಿಸುವ, ಚಿಕಿತ್ಸೆ ಕೊಡುವ ತರಬೇತಿ ನೀಡಿತು. ಮೂರ್ಛೆರೋಗಕ್ಕೆ, ತೀವ್ರ ಮನೋರೋಗಕ್ಕೆ, ಖಿನ್ನತೆಗೆ ಬೇಕಾದ ಕೆಲವೇ ಔಷಧಿಗಳು ಊರ ಹತ್ತಿರ ಸಿಗುವಂತಾಯಿತು. ಆ ಅನುಭವದ ಬಲದಿಂದಲೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಪಠ್ಯದಲ್ಲಿ ಇದು ‘ಬಳ್ಳಾರಿ ಮಾದರಿ’. ಅರ್ಧ ಪುಟ, ಐದು ಅಂಕದ ಪ್ರಶ್ನೆ. ಕುರುಗೋಡಿನಿಂದ ಹೋದ ನನಗೆ ಹೆಮ್ಮೆಯೇ ಆಯಿತು. ಆದರೆ ಆ ಅರ್ಧ ಪುಟದಲ್ಲಿ ಒಬ್ಬ ರೋಗಿಯ ಮಾತೂ ಇರಲಿಲ್ಲ.

ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಮನಸ್ಸನ್ನು ಓದುವುದೆಂದರೆ ಮೊದಲು ಅಳೆಯಲು ಕಲಿಯುವುದು. ಇದರಲ್ಲಿ ತಪ್ಪೇನಿಲ್ಲ. ಮೈಸೂರಿನಲ್ಲಿ 1924ರಲ್ಲಿ ಮನೋವಿಜ್ಞಾನ ವಿಭಾಗ ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಸ್ಪಿಯರ್‌ಮನ್ ಬಳಿ ಕಲಿತು ಬಂದವರು, ಅಂದರೆ ಬುದ್ಧಿಯನ್ನೇ ಅಂಕಿಗೆ ಇಳಿಸಿದ ಗುರುವಿನ ಶಿಷ್ಯರು. (1935ರಲ್ಲಿ ಮನೆಯಿಂದಲೇ ‘ಆಕಾಶವಾಣಿ’ ಎಂಬ ರೇಡಿಯೋ ಕೇಂದ್ರ ಶುರು ಮಾಡಿದವರೂ ಅವರೇ. ಅಳೆಯುವವರಿಗೆ ಮಾತಿನ ಮೇಲೂ ಪ್ರೀತಿ ಇರಬಹುದು ಅನ್ನುವುದಕ್ಕೆ ಇದು ನನಗೆ ಸಾಕು.)

ನಾನು ಪಿಎಚ್.ಡಿ.ಗೆ ಬಳಸುತ್ತಿರುವುದು ಒಂಬತ್ತು ಪ್ರಶ್ನೆಗಳ ಖಿನ್ನತೆಯ ಪಟ್ಟಿ. ಜಗತ್ತಿನ ಎಷ್ಟೋ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ. ಕಳೆದ ಎರಡು ವಾರಗಳಲ್ಲಿ ಇಂಥದ್ದು ಎಷ್ಟು ದಿನ ಕಾಡಿತು ಎಂದು ಕೇಳಬೇಕು. ಉತ್ತರಕ್ಕೆ ಸೊನ್ನೆಯಿಂದ ಮೂರರವರೆಗೆ ಅಂಕ. ಒಟ್ಟು 27. ನಮ್ಮ ಕಡೆಯ ಹಳ್ಳಿಯೊಂದರಲ್ಲಿ ಅರವತ್ತರ ಆಸುಪಾಸಿನ ಹೆಂಗಸೊಬ್ಬರಿಗೆ ಮೊದಲ ಪ್ರಶ್ನೆ ಓದಿದೆ. “ಎರಡು ವಾರ ಅಂದ್ರ? ಕಾಲುವಿಗೆ ನೀರು ಬಿಟ್ಟ ಮ್ಯಾಲಿಂದೋ, ಅದಕ್ಕಿಂತ ಮೊದಲಿಂದೋ?” ಎಂದರು. ಅವರ ಹೊಲ ಕಾಲುವೆಯ ಕೊನೆಯಲ್ಲಿ. ನೀರು ಬಂದರೆ ಒಂದು ಮನಸ್ಸು, ಬಾರದಿದ್ದರೆ ಇನ್ನೊಂದು. ಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ. ಎಲ್ಲ ಮುಗಿದ ಮೇಲೆ ಅವರು ಕೇಳಿದ್ದು: “ಇಷ್ಟೆಲ್ಲ ಬರ್ಕೊಂಡು ಹೋಗಿ ಏನ್ ಮಾಡ್ತೀ ತಮ್ಮಾ?”

ಒಪ್ಪಿಗೆ ಪತ್ರದಲ್ಲಿ ಇದಕ್ಕೆ ಉತ್ತರವಿದೆ: ಮಾಹಿತಿಯನ್ನು ಸಂಶೋಧನೆಗೆ ಮಾತ್ರ ಬಳಸಲಾಗುವುದು. ಅದನ್ನು ಓದಿ ಹೇಳಿ ಹೆಬ್ಬೆಟ್ಟು ಒತ್ತಿಸಿಕೊಂಡರೆ ಕಾನೂನಿನ ಲೆಕ್ಕ ಚುಕ್ತಾ. ಆದರೆ ಆಕೆ ಕೇಳಿದ್ದು ಗೋಪ್ಯತೆಯ ಬಗ್ಗೆ ಅಲ್ಲ. ನನ್ನ ನೋವು ನಿನಗೆ ಪದವಿಯಾಗುತ್ತದೆ, ನನಗೇನಾಗುತ್ತದೆ ಎಂದು.

ಕೇಳಿಸಿಕೊಳ್ಳುವುದೇ ಒಂದು ಉಪಕಾರ ಎಂದು ವಿಭಾಗದ ಗೆಳೆಯರು ಹೇಳುತ್ತಾರೆ. ನನಗೆ ಒಪ್ಪಿಗೆಯಿಲ್ಲ. ನನ್ನ ಕೆಲಸಕ್ಕಾಗಿ ನಾನು ಕೇಳಿಸಿಕೊಂಡೆ. ಅದನ್ನು ದಾನದ ಲೆಕ್ಕಕ್ಕೆ ಬರೆದುಕೊಳ್ಳಲಾರೆ. ಹಾಗಾದರೆ ಕೇಳುವುದನ್ನೇ ಬಿಡೋಣವೇ? ಅದೂ ಸರಿಯಲ್ಲ. ಹೆನ್ರಿಕ್ ಮತ್ತು ಸಂಗಡಿಗರು 2010ರಲ್ಲಿ ತೋರಿಸಿದಂತೆ, ಮನುಷ್ಯನ ಮನಸ್ಸಿನ ಬಗ್ಗೆ ನಾವು ಓದುವ ಬಹುಪಾಲು ಮಾತು ಪಾಶ್ಚಾತ್ಯ ದೇಶಗಳ, ಅದರಲ್ಲೂ ಅಮೆರಿಕದ ಕಾಲೇಜು ಹುಡುಗ ಹುಡುಗಿಯರ ಮೇಲೆ ನಿಂತಿದೆ. ಯಾರೂ ಕೇಳದೆ ಹೋದರೆ ಕಾಲುವೆಯ ಕೊನೆಯ ಹೊಲದವರ ಮನಸ್ಸನ್ನೂ ಆ ಸರಾಸರಿಯಿಂದಲೇ ಊಹಿಸುತ್ತಾರೆ.

ಒಂಬತ್ತನೆಯ ಪ್ರಶ್ನೆ ಬೇರೆಯದೇ ಜಾತಿಯದು. ಸತ್ತರೆ ಚೆನ್ನಾಗಿತ್ತು ಎಂಬ ಯೋಚನೆ ಬಂದಿತ್ತೇ ಎಂದು ಅದು ಕೇಳುತ್ತದೆ. ಯಾರಾದರೂ ‘ಹೂಂ’ ಅಂದರೆ, ಒಂದು ಎಂದೋ ಎರಡು ಎಂದೋ ಬರೆದು ಮುಂದಿನ ಮನೆಗೆ ಹೋಗುವಂತಿಲ್ಲ. ಪೆನ್ನು ಕೆಳಗಿಡಬೇಕು, ಕೂರಬೇಕು, ಮನೆಯವರು ಯಾರಿದ್ದಾರೆಂದು ನೋಡಬೇಕು, ಜಿಲ್ಲಾಸ್ಪತ್ರೆಗೆ ಕರೆದೊಯ್ಯುವ ದಾರಿ ಮಾಡಬೇಕು, 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದೆಂದು ಹೇಳಬೇಕು. ಅಲ್ಲಿ ಬಾಧ್ಯತೆ ಯಾವುದೆಂದು ಗೊಂದಲವಿಲ್ಲ. ಗೊಂದಲವಿರುವುದು ಮಿಕ್ಕ ಎಂಟರಲ್ಲಿ: ನಿದ್ದೆ ಬಾರದವರು, ಊಟ ಸೇರದವರು, ಯಾವುದರಲ್ಲೂ ಆಸೆ ಇಲ್ಲದವರು. ಸಾಯುವಷ್ಟಲ್ಲ, ಬದುಕುವಷ್ಟೂ ಅಲ್ಲ.

ಬಳ್ಳಾರಿ ಮಾದರಿಯಲ್ಲಿ ಇಲ್ಲಿಂದ ಹೋದ ಅಂಕಿ ಔಷಧಿಯಾಗಿ ಇಲ್ಲಿಗೇ ಬಂತು. ನನ್ನ ಪ್ರಬಂಧಕ್ಕೆ ಅಂಥ ಶಕ್ತಿಯಿಲ್ಲ. ಅದು ಇಂಗ್ಲಿಷಿನಲ್ಲಿರುತ್ತದೆ, ಗ್ರಂಥಾಲಯದಲ್ಲಿರುತ್ತದೆ. ಹಾಗಾಗಿ ಉತ್ತರ ಕೊಟ್ಟ ಪ್ರತಿ ಮನೆಗೂ ಒಯ್ಯಲು ಒಂದು ಪುಟದ ಕನ್ನಡ ಸಾರಾಂಶ ಬರೆಯುತ್ತಿದ್ದೇನೆ, ಓದಿ ಹೇಳಲು. ‘ಪ್ರಮಾಣಿತ ವಿಚಲನೆ’ ಮೊದಲ ಕರಡಿನಲ್ಲೇ ಹೋಯಿತು. ‘ಖಿನ್ನತೆ’ ಇನ್ನೂ ಇದೆ. ಆ ಮನೆಗಳಲ್ಲಿ ನನಗೆ ಸಿಕ್ಕ ಮಾತು ‘ಜೀವಕ್ಕ ಸಮಾಧಾನ ಇಲ್ಲ’ ಎಂಬುದು. ಎರಡೂ ಒಂದೇ ಎಂದು ಬರೆಯಲು ಕೈ ಬರುತ್ತಿಲ್ಲ.