ಮುಚ್ಚಿಟ್ಟ ಕಾಯಿಲೆಯೂ ಹಿಂಸೆಯೇ?

ಕಲಬುರಗಿ ಜಿಲ್ಲೆಯ ಆದಿತ್ಯನಗರದ ಸಿಮೆಂಟ್ ಕಾರ್ಖಾನೆಗೆ ಹತ್ತಿರವೇ ಮಳಖೇಡ. ರಾಷ್ಟ್ರಕೂಟರ ಆ ರಾಜಧಾನಿಯಲ್ಲಿ ನೇಮಿನಾಥ ಬಸದಿ ಇಂದಿಗೂ ಇದೆ. 2019ರ ನವೆಂಬರ್‌ನಲ್ಲಿ ಕಲಬುರಗಿ ವಿಮಾನ ನಿಲ್ದಾಣ ಶುರುವಾದ ಮೇಲೆ ಪೈಲಟ್ ತರಬೇತಿಯೂ ಜಿಲ್ಲೆಗೆ ಬಂತು.

ಖಾಸಗಿ ಪೈಲಟ್ ಲೈಸೆನ್ಸಿಗೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ) ಎರಡನೇ ದರ್ಜೆಯ ವೈದ್ಯಕೀಯ ಪ್ರಮಾಣಪತ್ರ ಕೇಳುತ್ತದೆ. ಕಣ್ಣು, ಕಿವಿ, ರಕ್ತದೊತ್ತಡದ ಸ್ಥಿತಿ ತಪಾಸಣೆಯಲ್ಲಿ ಗೊತ್ತಾಗುತ್ತದೆ. ಹಿಂದೊಮ್ಮೆ ಮೂರ್ಛೆ ಬಂದಿತ್ತೇ, ಖಿನ್ನತೆಗೆ ಮಾತ್ರೆ ನಡೆಯುತ್ತಿದೆಯೇ ಎಂಬುದನ್ನು ಮಾತ್ರ ಅಭ್ಯರ್ಥಿಯೇ ಬಾಯಿಬಿಟ್ಟು ಹೇಳಬೇಕು.

ಹೇಳದೆಯೂ ವಿಮಾನ ಸುಖವಾಗಿ ಇಳಿದರೆ ತಪ್ಪೇನು?

ಮಳಖೇಡದ ಬಸದಿ ನೆನಪಿಸುವ ಜೈನ ಚಿಂತನೆಯಲ್ಲಿ ಇದಕ್ಕೆ ಉತ್ತರವಿದೆ. ಉಮಾಸ್ವಾತಿಯ ಜೈನ ಗ್ರಂಥ ‘ತತ್ತ್ವಾರ್ಥಸೂತ್ರ’ ಹಿಂಸೆಯ ಬೇರನ್ನು ಎಚ್ಚರಗೇಡಿತನದಲ್ಲಿ ಕಾಣುತ್ತದೆ. ಅದಕ್ಕೆ ‘ಸರ್ವಾರ್ಥಸಿದ್ಧಿ’ ಎಂಬ ವ್ಯಾಖ್ಯಾನ ಬರೆದ ಪೂಜ್ಯಪಾದರ ನಿಲುವು ಇನ್ನೂ ಕಟ್ಟುನಿಟ್ಟು: ಜೀವ ಹೋಗಲಿ, ಉಳಿಯಲಿ, ಎಚ್ಚರಗೇಡಿಗೆ ಹಿಂಸೆಯ ಪಾಪ ತಪ್ಪದು. ಹಾಗೆ ನೋಡಿದರೆ ಸುಳ್ಳು ಬರೆದು ಸಹಿ ಹಾಕಿದ ಗಳಿಗೆಯಲ್ಲೇ ತಪ್ಪು ನಡೆದುಹೋಗಿದೆ.

2015ರ ಮಾರ್ಚ್ 24ರಂದು ಜರ್ಮನ್‌ವಿಂಗ್ಸ್ ವಿಮಾನವನ್ನು ಸಹಪೈಲಟ್ ಬೇಕೆಂದೇ ಆಲ್ಪ್ಸ್ ಬೆಟ್ಟಕ್ಕೆ ಅಪ್ಪಳಿಸಿದ. 150 ಮಂದಿ ಸತ್ತರು. ಕೆಲಸಕ್ಕೆ ಹೋಗಬೇಡವೆಂದು ವೈದ್ಯರು ಕೊಟ್ಟ ಚೀಟಿಯನ್ನು ಆತ ಕಂಪನಿಗೆ ತೋರಿಸಿರಲಿಲ್ಲ.

ಲೈಸೆನ್ಸ್ ಹೋದೀತೆಂಬ ಭಯವೂ ಸುಳ್ಳಿಗೆ ದೂಡುತ್ತದೆ. ನಿಜ ಹೇಳಿದವರಿಗೆ ಚಿಕಿತ್ಸೆ ಪಡೆದು ಮರಳುವ ದಾರಿಯನ್ನು ನಿಯಮಗಳು ಸುಗಮಗೊಳಿಸಲಿ. ಹಾರಲು ಹೊರಟವರು ವೈದ್ಯರೆದುರು ಏನನ್ನೂ ಮುಚ್ಚಿಡದಿರಲಿ.